ಎಸ್ಪೋಸಿತೊ: ಗುಮಾಸ್ತ ಕೊಟ್ಟ ಮನೆತನ

1852ರ ಜುಲೈ ತಿಂಗಳಲ್ಲಿ ಇಟಲಿಯ ನೇಪಲ್ಸ್ ನಗರದ ಅನ್ನುನ್ಸಿಯಾತಾ ಅನಾಥಾಲಯಕ್ಕೆ ಒಂದು ಗಂಡುಕೂಸು ಬಂತು. ಹುಟ್ಟಿ ಒಂದು ದಿನವಾಗಿತ್ತು ಅಷ್ಟೆ. ವಿನ್ಚೆನ್ಸೊ ಎಂದು ಹೆಸರಿಟ್ಟರು. ಇನ್ನು ಅಡ್ಡಹೆಸರು ಬೇಕಲ್ಲ? 'ಜೆನಿತೊ' ಎಂದು ಗೊತ್ತುಮಾಡಿದರು. ಹುಟ್ಟಿದವನು ಎಂದು ಅದರ ಅರ್ಥ. ಮಗುವಿನ ಬಗ್ಗೆ ಅಲ್ಲಿದ್ದವರಿಗೆ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಪುಸ್ತಕಕ್ಕೆ ಏರಿಸುವಾಗ ಗುಮಾಸ್ತನ ಕೈತಪ್ಪಿ ಅದು 'ಜೆಮಿತೊ' ಆಯಿತು. ಆ ಮಾತಿಗೆ ನರಳಾಟ ಎಂಬ ಅರ್ಥವಿದೆ. ತಕರಾರು ಮಾಡಲು ಮಗುವಿನ ಕಡೆಯವರು ಯಾರಿದ್ದರು? ತನ್ನ ಕೂಸನ್ನು ಕಳೆದುಕೊಂಡಿದ್ದ ಬಡ ಹೆಂಗಸೊಬ್ಬಳು ಅವನನ್ನು ಸಾಕಲು ಕರೆದೊಯ್ದಳು. ಮುಂದೆ ಅವನು ಇಟಲಿಯ ದೊಡ್ಡ ಶಿಲ್ಪಿಗಳಲ್ಲೊಬ್ಬನಾದ. 1877ರಲ್ಲಿ ಪ್ಯಾರಿಸ್ಸಿನ ಕಲಾಪ್ರದರ್ಶನದಲ್ಲಿ ಅವನ ಬೆಸ್ತರ ಹುಡುಗನ ಕಂಚಿನ ಮೂರ್ತಿ ಜನರ ಬಾಯಲ್ಲಿ ನಿಂತಿತು. ವಿನ್ಚೆನ್ಸೊ ಜೆಮಿತೊ ಎಂಬ ಹೆಸರು ಹಾಗೆಯೇ ಉಳಿಯಿತು, ತಪ್ಪಿನ ಸಮೇತ.

ಇದೇ ಕೂಸು ಐವತ್ತು ವರ್ಷ ಮೊದಲು ಬಂದಿದ್ದರೆ ಗುಮಾಸ್ತನಿಗೆ ಈ ತಲೆನೋವೇ ಇರುತ್ತಿರಲಿಲ್ಲ. ಆಗ ಆ ಮನೆಗೆ ಬಂದ ಮಕ್ಕಳಿಗೆಲ್ಲ ಒಂದೇ ಅಡ್ಡಹೆಸರು: ಎಸ್ಪೋಸಿತೊ. ಹೊರಗೆ ಇರಿಸಿದ್ದು, ಬಿಟ್ಟುಹೋದದ್ದು ಎನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು.

ಇಂದು ಇಟಲಿಯಲ್ಲಿ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರುಗಳನ್ನು ಎಣಿಸಿದರೆ ರೊಸ್ಸಿ, ರುಸ್ಸೊ, ಫೆರಾರಿಗಳ ಜೊತೆಯಲ್ಲೇ ಎಸ್ಪೋಸಿತೊ ಬರುತ್ತದೆ. ನೇಪಲ್ಸ್‌ನಲ್ಲಂತೂ ಅದಕ್ಕೇ ಮೊದಲ ಸ್ಥಾನ. ರೊಸ್ಸಿ, ರುಸ್ಸೊ ಎಂದರೆ ಕೆಂಚುಗೂದಲಿನವರು; ಫೆರಾರಿ ಎಂದರೆ ಕಮ್ಮಾರರು. ಕೆಂಚುಗೂದಲು ಎಲ್ಲ ಊರಲ್ಲೂ ಇತ್ತು, ಕುಲುಮೆಯೂ ಇತ್ತು. ಹಾಗಾಗಿ ಆ ಹೆಸರುಗಳು ನೂರಾರು ಕಡೆ ತಾವಾಗಿಯೇ ಹುಟ್ಟಿಕೊಂಡವು. ಎಸ್ಪೋಸಿತೊಗಳ ಕಥೆಯ ಬಹುಪಾಲು ಮಾತ್ರ ಒಂದು ಗೋಡೆಯ ಒಂದು ಕಂಡಿಗೆ ಹೋಗಿ ಮುಟ್ಟುತ್ತದೆ.

ಅನ್ನುನ್ಸಿಯಾತಾ ಹದಿನಾಲ್ಕನೇ ಶತಮಾನದಲ್ಲಿ ಹುಟ್ಟಿದ ಸಂಸ್ಥೆ. ನೇಪಲ್ಸ್‌ನ ಹಳೇ ಪೇಟೆಯ ಫೊರ್ಚೆಲ್ಲಾ ಕೇರಿಯಲ್ಲಿದೆ. ಚರ್ಚು, ಆಸ್ಪತ್ರೆ, ಅನಾಥಾಲಯ ಎಲ್ಲ ಸೇರಿದ್ದು. ಅದರ ಬೀದಿಬದಿಯ ಗೋಡೆಯಲ್ಲಿ ಮಗು ಹಿಡಿಸುವಷ್ಟೇ ದೊಡ್ಡ ಕಂಡಿ, ಅದರ ಹಿಂದೆ ನಿಂತ ಮರದ ಪೀಪಾಯಿ. ಪೀಪಾಯಿಯ ಒಂದು ಮಗ್ಗುಲು ತೆರೆದಿರುತ್ತಿತ್ತು. ಮಗುವನ್ನು ಅದರೊಳಗೆ ಮಲಗಿಸಿ ತಿರುಗಿಸಿದರೆ ತೆರೆದ ಮಗ್ಗುಲು ಒಳಗಿನ ಕೋಣೆಗೆ ಮುಖ ಮಾಡುತ್ತಿತ್ತು. ಗಂಟೆಯ ಸದ್ದು ಕೇಳಿ ಒಳಗಿದ್ದವರು ಬಂದು ಎತ್ತಿಕೊಳ್ಳುತ್ತಿದ್ದರು. ಇಟ್ಟವರ ಮುಖ ಅವರಿಗೆ ಕಾಣದು, ಎತ್ತಿಕೊಂಡವರ ಮುಖ ಇವರಿಗೆ ಕಾಣದು. ಜನ ಅದನ್ನು ಚಕ್ರ ಎಂದೇ ಕರೆಯುತ್ತಿದ್ದರು. ಹಗಲು ರಾತ್ರಿ ಅಲ್ಲಿ ಪಾಳಿ ಇತ್ತು. ಕೂಸನ್ನು ತೊಳೆದು, ಕೊರಳಿಗೆ ದಾರದಲ್ಲಿ ಸೀಸದ ಬಿಲ್ಲೆ ಕಟ್ಟಿ, ಪುಸ್ತಕದಲ್ಲಿ ಬರೆಯುತ್ತಿದ್ದರು: ಬಂದ ಹೊತ್ತು, ಅಂದಾಜು ವಯಸ್ಸು, ಸುತ್ತಿದ್ದ ಬಟ್ಟೆ. ಕೆಲವರು ಮಗುವಿನ ಜೊತೆ ಮುರಿದ ನಾಣ್ಯದ ಅರ್ಧವನ್ನೋ ಹರಿದ ಚಿತ್ರಪಟದ ಅರ್ಧವನ್ನೋ ಇಡುತ್ತಿದ್ದರು. ಉಳಿದರ್ಧ ತಾಯಿಯ ಹತ್ತಿರ. ಕಾಲ ಕೂಡಿ ಬಂದರೆ ಜೋಡಿಸಿ ತೋರಿಸಿ ಮಗುವನ್ನು ಬಿಡಿಸಿಕೊಳ್ಳಬಹುದೆಂಬ ಆಸೆ. ಇಂಥ ಅರ್ಧ ಪದಕಗಳನ್ನು ಫ್ಲಾರೆನ್ಸ್‌ನ ಇನೊಚೆಂತಿ ಅನಾಥಾಲಯದ ವಸ್ತುಸಂಗ್ರಹಾಲಯದಲ್ಲಿ ಈಗಲೂ ನೋಡಬಹುದು.

ಬಿಟ್ಟುಹೋದವರೆಲ್ಲ ಮದುವೆಯಾಗದ ಹೆಣ್ಣುಮಕ್ಕಳು ಎಂದುಕೊಳ್ಳುವುದು ಸುಲಭ. ಆದರೆ ಮದುವೆಯಾಗಿ ಗಂಡನಿದ್ದ ಬಡವರೂ, ಇನ್ನೊಂದು ಬಾಯಿಗೆ ಹಾಕಲು ಗತಿಯಿಲ್ಲದೆ, ಕೂಸನ್ನು ತಂದಿಡುತ್ತಿದ್ದರು. ಇಟಲಿಯ ಇಂಥ ಅನಾಥಾಲಯಗಳಲ್ಲಿ ಮಗುವನ್ನು ಚಕ್ರದೊಳಗಿಟ್ಟು, ಮುಂಬಾಗಿಲಿಂದ ಬಂದು ಹಾಲೂಡುವ ದಾದಿಯ ಕೆಲಸ ಕೇಳಿದ ತಾಯಂದಿರೂ ಇದ್ದರು. ಸಂಬಳವೂ ಸಿಕ್ಕೀತು, ಅದೃಷ್ಟವಿದ್ದರೆ ತನ್ನದೇ ಕೂಸೂ ಮಡಿಲಿಗೆ ಬಂದೀತು ಎಂಬ ಲೆಕ್ಕ. ಈ ತಾಯಂದಿರ ಜಾಣತನಕ್ಕೆ ನನ್ನ ಪೂರ್ತಿ ಮೆಚ್ಚುಗೆಯಿದೆ.

ಹೆಸರು ಊರಾಚೆ ಹಬ್ಬಿದ್ದೂ ಈ ದಾದಿಯರಿಂದಲೇ. ಅನಾಥಾಲಯದಲ್ಲಿ ಅಷ್ಟು ಕೂಸುಗಳಿಗೆ ಎದೆಹಾಲು ಎಲ್ಲಿಂದ ಬರಬೇಕು? ಸುತ್ತಲ ಹಳ್ಳಿಗಳ ಬಾಣಂತಿಯರಿಗೆ ತಿಂಗಳಿಷ್ಟು ಎಂದು ಹಣ ಕೊಟ್ಟು ಕೂಸುಗಳನ್ನು ಅವರ ಮನೆಗೆ ಕಳಿಸುತ್ತಿದ್ದರು. ಉಳಿದುಕೊಂಡ ಮಕ್ಕಳಲ್ಲಿ ಹಲವರು ಅದೇ ಮನೆಗಳಲ್ಲಿ, ಅದೇ ಹೊಲಗಳಲ್ಲಿ ದುಡಿಯುತ್ತಾ ಬೆಳೆದರು. ಉಳಿದುಕೊಂಡ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಯೂರೋಪಿನ ಇಂಥ ಸಂಸ್ಥೆಗಳಲ್ಲಿ ಎಷ್ಟೋ ವರ್ಷ ಬಂದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕಲಿಲ್ಲ. ಹೆಣ್ಣುಮಕ್ಕಳು ಬದುಕಿದರೂ ಹೆಸರು ಅವರ ಮಕ್ಕಳಿಗೆ ಹೋಗುತ್ತಿರಲಿಲ್ಲ. ಹಾಗಾಗಿ ಇಂದಿನ ಎಸ್ಪೋಸಿತೊಗಳಲ್ಲಿ ಬಹುಪಾಲು ಜನ ಆ ಕಂಡಿಯಿಂದ ಬಂದವರಲ್ಲಿ ಬದುಕುಳಿದ ಗಂಡುಮಕ್ಕಳ ಸಂತತಿ ಎನ್ನಬೇಕು. ಒಬ್ಬ ಎಸ್ಪೋಸಿತೊಗೂ ಪಕ್ಕದ ಬೀದಿಯ ಎಸ್ಪೋಸಿತೊಗೂ ರಕ್ತಸಂಬಂಧ ಇರಬೇಕಾಗಿಲ್ಲ.

ಎಲ್ಲರಿಗೂ ಒಂದೇ ಹೆಸರಿಡುವುದು ಗುಮಾಸ್ತರಿಗೆ ಸಲೀಸು, ಹೊತ್ತವರಿಗೆ ಕಷ್ಟ. ಹೆಸರು ಹೇಳಿದ ಕೂಡಲೇ ಹುಟ್ಟಿನ ಕಥೆ ಎದುರಿಗಿದ್ದವರಿಗೆ ತಿಳಿದುಹೋಗುತ್ತಿತ್ತು. ನೇಪಲ್ಸ್‌ನ ಸಿಂಹಾಸನದಲ್ಲಿ ಕೂತಿದ್ದ ನೆಪೋಲಿಯನ್ನನ ತಂಗಿಯ ಗಂಡ ಜೊಆಕಿಮ್ ಮುರಾ 1814ರಲ್ಲಿ ಇದನ್ನು ನಿಲ್ಲಿಸಿದ. ಅಲ್ಲಿಂದ ಮುಂದೆ ಒಂದೊಂದು ಮಗುವಿಗೂ ಬೇರೆಬೇರೆ ಹೆಸರು. ಗುಮಾಸ್ತರು ದಿನವೂ ಹೊಸ ಹೆಸರು ಹೊಸೆಯಬೇಕಾಯಿತು, ಜೆಮಿತೊನಂಥವರು ಬಂದದ್ದು ಹೀಗೆ. ಅಷ್ಟರಲ್ಲಿ ಹಳೆಯ ಹೆಸರು ತಲೆಮಾರುಗಳಿಗೆ ಇಳಿದಾಗಿತ್ತು. ರಾಜಾಜ್ಞೆ ಹೊಸ ಎಸ್ಪೋಸಿತೊಗಳನ್ನು ತಡೆಯಿತು, ಇದ್ದವರ ಮಕ್ಕಳು ಮೊಮ್ಮಕ್ಕಳನ್ನು ತಡೆಯಲು ಆಗಲಿಲ್ಲ.

ಬೇರೆ ಊರುಗಳಲ್ಲೂ ಇದೇ ರೂಢಿ, ಹೆಸರು ಮಾತ್ರ ಬೇರೆ. ಫ್ಲಾರೆನ್ಸ್‌ನ ಅನಾಥಾಲಯ ಇನೊಚೆಂತಿಗಳನ್ನು ಕೊಟ್ಟಿತು, ರೋಮ್ ಪ್ರೊಯೆತ್ತಿಗಳನ್ನು. ಮಿಲಾನ್‌ನ ಆಸ್ಪತ್ರೆಯ ಲಾಂಛನ ಪಾರಿವಾಳ. ಅಲ್ಲಿಗೆ ಬಂದ ಮಕ್ಕಳು ಕೊಲಂಬೊಗಳಾದರು. 1825ರವರೆಗೂ ಅದು ನಡೆಯಿತು. ಅದರಿಂದಾಗಿಯೇ ಮಿಲಾನ್‌ನಲ್ಲಿ ಕೊಲಂಬೊಗಳು ಅಷ್ಟೊಂದು. ಈಚಿನ ವರ್ಷಗಳಲ್ಲಿ ಅವರ ಜೊತೆ ಮೊದಲ ಸಾಲಿಗೆ ಬಂದಿರುವ ಇನ್ನೊಂದು ಹೆಸರು ಚೀನಾದಿಂದ ಬಂದು ನೆಲೆಸಿದವರ 'ಹು'.

ನೇಪಲ್ಸ್‌ನ ಚಕ್ರ ನಿಂತದ್ದು 1875ರಲ್ಲಿ. ಕಂಡಿಯಲ್ಲಿ ಹಿಡಿಸದಷ್ಟು ಬೆಳೆದ ಮಕ್ಕಳನ್ನೂ ಮೈಗೆ ಎಣ್ಣೆ ಸವರಿ ಒಳಗೆ ತಳ್ಳುತ್ತಿದ್ದರೆಂದು ಊರವರು ಇಂದಿಗೂ ಹೇಳುತ್ತಾರೆ. ಇಟಲಿಯಲ್ಲಿ ಉಳಿದಿದ್ದ ಚಕ್ರಗಳನ್ನು 1923ರ ಕಾನೂನು ಮುಚ್ಚಿಸಿತು. ಹುಟ್ಟು ಗೊತ್ತಿಲ್ಲದ ಮಗುವಿಗೆ ಅದನ್ನು ಎತ್ತಿ ತೋರಿಸುವಂಥ ಹೆಸರು ಇಡಬಾರದೆಂಬ ನಿಯಮ 1939ರ ಕಾನೂನಿನಲ್ಲಿತ್ತು. ಆದರೆ ಹೆಸರಿನ ಕಳಂಕ ತೊಡೆದ ಸರ್ಕಾರ ಪಕ್ಕದ ಅಂಕಣವನ್ನು ಮರೆತಿತ್ತು. ಗುರುತಿನ ಕಾಗದಗಳಲ್ಲಿ ತಂದೆಯ ಹೆಸರು ಬರೆಯಲೇಬೇಕಿತ್ತು, ಗೊತ್ತಿಲ್ಲದಿದ್ದರೆ 'ಎನ್.ಎನ್.' ಎಂಬ ಎರಡಕ್ಷರ. ಶಾಲೆಗೆ ಸೇರುವಾಗ, ಕೆಲಸ ಕೇಳುವಾಗ ಆ ಎರಡಕ್ಷರ ಎದುರಾಗುತ್ತಿತ್ತು. 1955ರ ಕಾನೂನು ಅದನ್ನು ತೆಗೆಸಿತು. ಮುರಾನ ಆಜ್ಞೆಗಿಂತ ದೊಡ್ಡ ಸುಧಾರಣೆ ಇದೇ ಎಂದು ನನ್ನ ಎಣಿಕೆ.

ಎಸ್ಪೋಸಿತೊ ಎನ್ನಲು ಈಗ ಯಾರೂ ತಲೆ ತಗ್ಗಿಸುವುದಿಲ್ಲ, ಅದು ಅಪ್ಪಟ ನೇಪಲ್ಸ್ ಹೆಸರು. 1889ರಲ್ಲಿ ರಾಣಿ ಮಾರ್ಗರೀತಾಗೆ ಪೀಜಾ ಮಾಡಿಕೊಟ್ಟವನೆಂದು ಪ್ರಸಿದ್ಧನಾದ ಬಾಣಸಿಗನ ಹೆಸರು ರಫಾಯೆಲೆ ಎಸ್ಪೋಸಿತೊ. ಇತಿಹಾಸಕಾರರು ಆ ಕಥೆಯನ್ನು ಅನುಮಾನಿಸುತ್ತಾರೆ, ಬೆಂಗಳೂರಿನ ಮೆನು ಕಾರ್ಡಿನಲ್ಲೂ ಇರುವ ಮಾರ್ಗರೀಟಾ ಪೀಜಾಗೆ ಅದರಿಂದೇನೂ ಆಗಿಲ್ಲ. 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿ ನೋಡಿದವರಿಗೆ ಕೋಳಿ ಹೋಟೆಲಿನ ಗಸ್ ಫ್ರಿಂಗ್ ನೆನಪಿರಬೇಕು. ಆ ಪಾತ್ರ ಮಾಡಿದ ಜಿಯಾನ್‌ಕಾರ್ಲೊ ಎಸ್ಪೋಸಿತೊನ ತಂದೆ ನೇಪಲ್ಸ್‌ನವರು. ಅಮೆರಿಕದಲ್ಲಿ ಆ ಹೆಸರನ್ನು 'ಎಸ್ಪೊಸೀಟೊ' ಎಂದು ಎಳೆಯುತ್ತಾರೆ. ನೇಪಲ್ಸ್‌ನಲ್ಲಿ ಒತ್ತು 'ಪೋ' ಮೇಲೆ. ಫುಟ್‌ಬಾಲ್ ಹುಚ್ಚಿನವರಿಗೆ ಸಾಲ್ವತೋರೆ, ಸೆಬಾಸ್ತಿಯಾನೊ, ಪಿಯೊ ಎಂಬ ಮೂವರು ಆಟಗಾರ ಸೋದರರು ಗೊತ್ತಿರುತ್ತಾರೆ. ಅವರೂ ನೇಪಲ್ಸ್ ಕೊಲ್ಲಿಯ ದಡದ ಕಾಸ್ತೆಲ್ಲಮ್ಮಾರೆಯವರು.

ಇಟಲಿಯಲ್ಲಿ ತನ್ನ ಹೆಸರು ಹೇಳದೆ ಆಸ್ಪತ್ರೆಯಲ್ಲಿ ಹೆತ್ತು ಹೋಗುವ ಹಕ್ಕು ತಾಯಿಗೆ ಇಂದೂ ಇದೆ. ಅಂಥ ಮಗುವಿಗೆ ಹೆಸರಿಡುವವರು ಜನನ ನೋಂದಣಿ ಅಧಿಕಾರಿ. ಹುಟ್ಟಿನ ಸುಳಿವು ಕೊಡುವ ಹೆಸರನ್ನು ಅವರು ಇಡುವಂತಿಲ್ಲ, ಹಾಗಾಗಿ ಈಗ ಎಸ್ಪೋಸಿತೊ ಆಗಬೇಕಾದರೆ ಹೆತ್ತವರಲ್ಲಿ ಒಬ್ಬರಿಗೆ ಆ ಹೆಸರಿರಬೇಕು. ತಂದೆಯ ಅಡ್ಡಹೆಸರೇ ತಾನಾಗಿ ಮಗುವಿಗೆ ಹೋಗುವ ಪದ್ಧತಿಯನ್ನು 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತಳ್ಳಿಹಾಕಿದ ಮೇಲೆ, ಎಸ್ಪೋಸಿತೊ ಮನೆಯ ಹೆಣ್ಣುಮಕ್ಕಳ ಹೆಸರೂ ಅವರ ಮಕ್ಕಳಿಗೆ ಇಳಿಯತೊಡಗಿದೆ.