ಗಡಿ ದಾಟಿದ ಕಾರಿಗೆ ಒಡೆಯ ಯಾರು?

ಹಳೆ ಕಾರು ಕೊಂಡವರು ದುಡ್ಡು ಎಣಿಸಿ ಕೊಟ್ಟು ಕೀ ಕೈಗೆ ಬಂದ ಕೂಡಲೇ ಕಾರು ತಮ್ಮದಾಯಿತು ಎಂದುಕೊಳ್ಳುತ್ತಾರೆ. ಸರಕು ಮಾರಾಟದ 1930ರ ಕಾಯ್ದೆಯ ಮಟ್ಟಿಗೆ ಅದು ಸರಿಯೇ. ಆದರೆ ಮೋಟಾರು ವಾಹನ ಕಾಯ್ದೆಯ ಲೆಕ್ಕವೇ ಬೇರೆ. ಅದರ ಪ್ರಕಾರ ಸಾರಿಗೆ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. ಈ ಎರಡು ಒಡೆತನಗಳ ನಡುವಿನ ಅಂತರ ರಾಜ್ಯದ ಗಡಿಯಲ್ಲಿ ಇನ್ನಷ್ಟು ಹಿಗ್ಗುತ್ತದೆ. ಮೊಳಕಾಲ್ಮುರಿನವರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಆಂಧ್ರದ ರಾಯದುರ್ಗವೇ ಹತ್ತಿರ. ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಯೂ ಇದೇ ಕತೆ. ನೆಂಟಸ್ತನ, ಸಂತೆ, ರೇಷ್ಮೆ ಸೀರೆಯ ವ್ಯಾಪಾರ, ಶೇಂಗಾ ವಹಿವಾಟು ಎಲ್ಲವೂ ಗಡಿಯ ಆಚೆ ಈಚೆ ನಡೆಯುತ್ತವೆ. ಕನ್ನಡ, ತೆಲುಗು ಎರಡೂ ಒಂದೇ ಮನೆಯಲ್ಲಿ ಕೇಳಿಸುತ್ತವೆ. ಎಪಿ ನಂಬರಿನ ಕಾರು ಈ ಸೀಮೆಗೆ ಬರುವುದಕ್ಕೆ ಅರ್ಧ ಗಂಟೆ ಸಾಕು. ಕೆಎ-16 ಆಗುವುದಕ್ಕೆ ಮಾತ್ರ ಎರಡು ರಾಜ್ಯಗಳ ಒಪ್ಪಿಗೆ ಬೇಕು.

ವಾಹನಕ್ಕೆ ನಂಬರು ಹಾಕುವ ಪದ್ಧತಿ ಹುಟ್ಟಿದ್ದು ಒಡೆತನ ತೋರಿಸುವುದಕ್ಕಲ್ಲ, ಅಪಘಾತ ಮಾಡಿ ಓಡಿಹೋದವರನ್ನು ಹಿಡಿಯುವುದಕ್ಕೆ. 1893ರಲ್ಲಿ ಪ್ಯಾರಿಸ್ಸಿನ ಪೊಲೀಸರು ಮೋಟಾರು ಗಾಡಿಗಳಿಗೆ ಫಲಕ ಕಡ್ಡಾಯ ಮಾಡಿದರು. ಬ್ರಿಟನ್ನಿನಲ್ಲಿ 1904ರ ಜನವರಿ 1ರಿಂದ ನೋಂದಣಿ ಜಾರಿಯಾಯಿತು. ಬ್ರಿಟಿಷ್ ಇಂಡಿಯಾಕ್ಕೆ 1914ರಲ್ಲಿ ಮೊದಲ ಮೋಟಾರು ಕಾಯ್ದೆ ಬಂತು, 1939ರಲ್ಲಿ ವಿಸ್ತಾರವಾದ ಇನ್ನೊಂದು ಬಂತು. ಈಗ ನಡೆಯುತ್ತಿರುವುದು 1988ರ ಕಾಯ್ದೆ. ಜಾರಿಗೆ ಬಂದದ್ದು 1989ರ ಜುಲೈ 1ರಂದು.

ಮೊದಲ ಎರಡು ಕಾಯ್ದೆಗಳು ಬಂದ ಕಾಲಕ್ಕೆ ಮೊಳಕಾಲ್ಮುರು ಮೈಸೂರು ಸಂಸ್ಥಾನದಲ್ಲಿತ್ತು, ರಾಯದುರ್ಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು, ರಾಯದುರ್ಗ ಹೊಸ ಆಂಧ್ರಕ್ಕೆ ಹೋಯಿತು. ಆಳುವವರು ಬದಲಾದರೂ ಈ ಎರಡು ಊರುಗಳ ನಡುವಿನ ಗೆರೆ ಮಾತ್ರ ಅಳಿಯಲಿಲ್ಲ.

ಆ ಗೆರೆಗೆ ಇಂದಿಗೂ ಇಷ್ಟು ಬೆಲೆ ಬಂದಿರುವುದು ತೆರಿಗೆಯಿಂದ. ಮೋಟಾರು ವಾಹನಗಳ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಹಾಗಾಗಿ ನೋಂದಣಿಯ ನಿಯಮ ದೇಶಕ್ಕೆಲ್ಲ ಒಂದೇ. ವಾಹನ ತೆರಿಗೆ ಹಾಕುವ ಅಧಿಕಾರ ಇರುವುದು ರಾಜ್ಯ ಪಟ್ಟಿಯಲ್ಲಿ. ಕರ್ನಾಟಕ 1957ರ ತನ್ನ ಕಾಯ್ದೆಯಡಿ ಕಾರಿನ ಬೆಲೆ ನೋಡಿ ಆಜೀವ ತೆರಿಗೆ ಕಟ್ಟಿಸಿಕೊಳ್ಳುತ್ತದೆ: ಐದು ಲಕ್ಷದೊಳಗಿನ ಹೊಸ ಕಾರಿಗೆ ಶೇ 13, ಇಪ್ಪತ್ತು ಲಕ್ಷ ಮೀರಿದರೆ ಶೇ 18, ಅದರ ಮೇಲೆ ಸೆಸ್ಸು. ಹೊರರಾಜ್ಯದ ಹಳೆ ಕಾರಿಗೆ ವಯಸ್ಸಾದಷ್ಟೂ ಈ ಮೊತ್ತ ಇಳಿಯುತ್ತದೆ. ಆಂಧ್ರದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅಲ್ಲಿಂದಲೇ ಅರ್ಜಿ ಹಾಕಿ ವಾಪಸು ಪಡೆಯಬೇಕು. ಅಗ್ಗಕ್ಕೆ ಸಿಕ್ಕಿತೆಂದು ರಾಯದುರ್ಗದಿಂದ ತಂದ ಕಾರು ಚಿತ್ರದುರ್ಗದ ಕೌಂಟರಿನಲ್ಲಿ ತುಟ್ಟಿಯಾಗುವುದು ಹೀಗೆ. ಈ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಬೇಕು.

ಕ್ರಮವಾಗಿ ನಡೆದರೆ ಕಾಗದಗಳ ದಾರಿ ಕಷ್ಟದ್ದೇನಲ್ಲ. ಕಾರಿನ ಮೇಲೆ ಸಾಲವಿದ್ದರೆ ತೀರಿಸಿ, ಬ್ಯಾಂಕಿನ ಸಹಿ ಇರುವ ಫಾರಂ 35 ಕೊಟ್ಟು ನೋಂದಣಿ ಪತ್ರದಿಂದ (ಆರ್.ಸಿ.) ಬ್ಯಾಂಕಿನ ಹೆಸರು ತೆಗೆಸಬೇಕು. ಆಮೇಲೆ ಫಾರಂ 28, ಅಂದರೆ ಮೊದಲಿನ ಕಚೇರಿಯ ‘ಆಕ್ಷೇಪಣೆ ಇಲ್ಲ’ ಪತ್ರವಾದ ಎನ್‌ಒಸಿ. ಇದನ್ನು ಮೂರು ಪ್ರತಿ ಬರೆಯಬೇಕು, ಅದರಲ್ಲಿ ಛಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಇರಬೇಕು. ಬಾನೆಟ್ ಎತ್ತಿಯೋ ಸೀಟಿನ ಕೆಳಗೆ ಬಗ್ಗಿಯೋ ಲೋಹದ ಮೇಲೆ ಕೊರೆದ ಹದಿನೇಳು ಅಕ್ಷರ, ಅಂಕಿಗಳನ್ನು ಹುಡುಕಿ, ಎಣ್ಣೆ-ಧೂಳು ಒರೆಸಿ, ತೆಳು ಕಾಗದ ಒತ್ತಿಹಿಡಿದು ಮೇಲೆ ಪೆನ್ಸಿಲ್ ಉಜ್ಜಿದರೆ ಬೂದು ಬಣ್ಣದ ನಡುವೆ ನಂಬರು ಬಿಳಿಯಾಗಿ ಮೂಡುತ್ತದೆ. ಕಂಪ್ಯೂಟರಿನಲ್ಲಿ ‘ವಾಹನ್’ ದಾಖಲೆ ಬಂದ ಮೇಲೂ ಈ ಪೆನ್ಸಿಲ್ ಗುರುತಿಗೆ ಬೆಲೆಯಿದೆ. ದಾಖಲೆಯಲ್ಲಿರುವ ಕಾರೂ ಕಣ್ಣೆದುರಿನ ಕಾರೂ ಒಂದೇ ಎಂದು ಹೇಳುವ ಸಾಕ್ಷಿ ಅದು. ಕದ್ದ ಕಾರಿನ ನಂಬರು ತೀಡಿದ್ದರೆ ಸಿಕ್ಕಿಬೀಳುವುದೂ ಇಲ್ಲಿಯೇ.

ಎನ್‌ಒಸಿ ಕೊಡುವ ಮೊದಲು ಕಳವಿನ ಪ್ರಕರಣ ಇಲ್ಲವೆಂದು ಪೊಲೀಸರಿಂದ ಲಿಖಿತ ವರದಿ ಪಡೆಯಬೇಕು, ತೆರಿಗೆ ಬಾಕಿ ಇದೆಯೇ ನೋಡಬೇಕು ಎಂದು ಮೋಟಾರು ವಾಹನ ಕಾಯ್ದೆಯ 48ನೇ ಸೆಕ್ಷನ್ ಕಟ್ಟುಮಾಡಿದೆ. ಅರ್ಜಿ ಹಾಕಿ 30 ದಿನ ಕಳೆದರೂ ಕಚೇರಿ ನಿರಾಕರಣೆ ತಿಳಿಸದಿದ್ದರೆ ಕೊಟ್ಟಂತೆಯೇ ಲೆಕ್ಕ ಎಂಬ ಮಾತೂ ಅದೇ ಸೆಕ್ಷನ್ನಿನಲ್ಲಿದೆ. ಕಚೇರಿಗೆ ಅಲೆಯುವವರು ತಿಳಿದಿರಬೇಕಾದ ಮಾತು. ಹೆಸರು ಬದಲಾವಣೆಗೆ ಮಾರಿದವರು ಫಾರಂ 29, ಇಬ್ಬರೂ ಸೇರಿ ಫಾರಂ 30 ಕೊಡಬೇಕು, ಹೊಸ ನಂಬರಿಗೆ ಫಾರಂ 27. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರಿಗೆ 14 ದಿನ, ಹೊರರಾಜ್ಯದ್ದಾದರೆ 45 ದಿನ, ಕೊಂಡವರಿಗೆ 30 ದಿನದ ಗಡುವು. ವಿಮೆ ತಾನಾಗಿಯೇ ಹೊಸಬರಿಗೆ ವರ್ಗವಾದಂತೆ ಕಾನೂನು ಭಾವಿಸಿದರೂ, 14 ದಿನದೊಳಗೆ ಕಂಪನಿಗೆ ಬರೆದು ಹೆಸರು ಬದಲಿಸಿಕೊಳ್ಳಬೇಕು.

ಆದರೆ ಬಹಳ ಕಾರುಗಳು ಈ ದಾರಿ ಹಿಡಿಯುವುದೇ ಇಲ್ಲ. ದನದ ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸಿ ಹಗ್ಗ ಕೈಗೆ ಕೊಟ್ಟಂತೆ, ಖಾಲಿ ಫಾರಂ 29-30ಕ್ಕೆ ಸಹಿ ಹಾಕಿಸಿ ಕೀ ಕೊಟ್ಟುಬಿಡುತ್ತಾರೆ. ಕೊಂಡವರ ಹೆಸರಿನ ಜಾಗ ಖಾಲಿಯೇ ಉಳಿಯುತ್ತದೆ. ಆ ಫಾರಂ ಕಾರಿನ ಜೊತೆ ಕೈಯಿಂದ ಕೈಗೆ ಹೋಗುತ್ತದೆ. ಎತ್ತಿನ ವ್ಯಾಪಾರದಲ್ಲಿ ಈ ನಂಬಿಕೆ ಸಾಕು, ಕಾರಿನಲ್ಲಿ ಸಾಲದು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಪ್ರಕರಣವೊಂದರಲ್ಲಿ ಕಾರು 2007ರಲ್ಲೇ ಮಾರಾಟವಾಗಿ ಕೈ ಮೇಲೆ ಕೈ ದಾಟಿತ್ತು; 2009ರಲ್ಲಿ ಅಪಘಾತವಾಯಿತು. ದಾಖಲೆಯಲ್ಲಿದ್ದದ್ದು ಮೊದಲ ಮಾಲೀಕರ ಹೆಸರೇ. ಪರಿಹಾರದ ಹೊಣೆ ಅವರದೇ ಎಂದು ನ್ಯಾಯಾಲಯ ಹೇಳಿತು. ಗಾಯಗೊಂಡವರು, ಸತ್ತವರ ಮನೆಯವರು ಒಬ್ಬೊಬ್ಬ ಖರೀದಿದಾರರ ಬೆನ್ನು ಹತ್ತಿ ಹೋಗುವಂತಾಗಬಾರದು ಎಂಬುದು ಅದರ ಕಾರಣ. ಮಾರಿ ಸುಮಾರು ಎರಡು ವರ್ಷವಾದ ಮೇಲೂ ಹೊಣೆ ಹೊರುವುದು ಕಠೋರವೇ. ಆದರೂ ಆಸ್ಪತ್ರೆಯಲ್ಲಿ ಮಲಗಿದವರ ಕಡೆಯಿಂದ ನೋಡಿದರೆ ಇದಕ್ಕಿಂತ ನ್ಯಾಯವಾದ ದಾರಿ ಕಾಣುವುದಿಲ್ಲ. ಖಾಲಿ ಸಹಿಯ ಈ ತೂತು ಮುಚ್ಚಲು 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ಡೀಲರುಗಳಿಗೆ ಅಧಿಕೃತ ಪ್ರಮಾಣಪತ್ರ ಕಡ್ಡಾಯವಾಗಿದೆ. ಅಂಥ ಡೀಲರಿಗೆ ಕಾರು ಒಪ್ಪಿಸಿದ ಮಾಹಿತಿ ಫಾರಂ 29ಸಿ ಮೂಲಕ ಸಾರಿಗೆ ಇಲಾಖೆಗೆ ತಲುಪಬೇಕು.

ನಂಬರು ಬದಲಿಸದೆ ಓಡಿಸುವವರಿಗೂ ಮಿತಿಯಿದೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿಯುವ ವಾಹನಕ್ಕೆ ಆ ರಾಜ್ಯದ ನಂಬರು ಬೇಕು. 2014ರಲ್ಲಿ ಕರ್ನಾಟಕ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, 30 ದಿನ ಮೀರಿದ ಹೊರರಾಜ್ಯದ ವಾಹನಕ್ಕೆ ಆಜೀವ ತೆರಿಗೆ ಕೇಳತೊಡಗಿತು. 2016ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಕೆಲಸದ ಮೇಲೆ ಊರೂರು ಸುತ್ತುವ ನೌಕರರಿಗೆಂದು 2021ರಲ್ಲಿ ದೇಶದೆಲ್ಲೆಡೆ ನಡೆಯುವ ನಂಬರಿನ ಬಿಎಚ್ ಸರಣಿ ಬಂತು. ಗಡಿಯ ರೈತರಿಗೂ ಸಣ್ಣ ವ್ಯಾಪಾರಿಗಳಿಗೂ ಅದು ಒದಗುವುದಿಲ್ಲ, ಅವರಿಗೆ ಹಳೆಯ ದಾರಿಯೇ ಗತಿ.

ದೇಶದ ಗಡಿ ದಾಟಿ ಬರುವ ಹಳೆ ಕಾರಿಗೆ ಇದೇ ಕ್ರಮ ಇನ್ನೂ ಬಿಗಿಯಾಗುತ್ತದೆ, ಯಾಕೆಂದರೆ ಒಂದೊಂದು ದೇಶದ ಕಾಗದ ಒಂದೊಂದು ಮಾತು ಹೇಳುತ್ತದೆ. ಬ್ರಿಟನ್ನಿನ ವಿ5ಸಿ ಲಾಗ್‌ಬುಕ್ ಕಾರನ್ನು ಇಟ್ಟುಕೊಂಡವರ ಹೆಸರಷ್ಟೇ ತಿಳಿಸುತ್ತದೆ. ಒಡೆತನಕ್ಕೆ ಇದು ಪುರಾವೆಯಲ್ಲ ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ಅಮೆರಿಕದಲ್ಲಿ ಒಡೆತನಕ್ಕೆ ಟೈಟಲ್, ರಸ್ತೆಗಿಳಿಯಲು ನೋಂದಣಿ ಎಂದು ಎರಡು ಬೇರೆ ಬೇರೆ ಪತ್ರಗಳು. ನಮ್ಮ ಆರ್.ಸಿ. ಎರಡರ ಕೆಲಸವನ್ನೂ ಹೊತ್ತಿದೆ. ಭಾರತ 2001ರಲ್ಲಿ ಹಳೆ ವಾಹನಗಳ ಆಮದಿಗೆ ಷರತ್ತಿನ ಬಾಗಿಲು ತೆರೆಯಿತು: ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು, ಹೆಡ್‌ಲೈಟು ಎಡಬದಿಯ ಸಂಚಾರಕ್ಕೆ ಹೊಂದಬೇಕು, ಕನಿಷ್ಠ ಐದು ವರ್ಷ ಓಡುವ ಸ್ಥಿತಿಯಿರಬೇಕು, ಇಳಿಯಬೇಕಾದದ್ದು ಮುಂಬೈ ಬಂದರಿನಲ್ಲಿ. ಸೀಮಾಸುಂಕ ಬಹುಕಾಲ ಶೇ 125 ಇತ್ತು. ಇಷ್ಟು ಭಾರ ತಪ್ಪಿಸಿಕೊಳ್ಳಲು ಅಡ್ಡದಾರಿಗಳೂ ಹುಟ್ಟಿಕೊಂಡವು. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು ‘ನುಮ್‌ಖೋರ್’ ಕಾರ್ಯಾಚರಣೆ ನಡೆಸಿದರು. ಭೂತಾನಿನಿಂದ ಕಳ್ಳದಾರಿಯಲ್ಲಿ ತಂದು, ಸುಳ್ಳು ದಾಖಲೆ ತೋರಿಸಿ ಭಾರತದಲ್ಲಿ ನೋಂದಣಿ ಮಾಡಿಸಲಾಗಿದೆ ಎಂಬ ಆರೋಪದ ಮೇಲೆ ಕಾರುಗಳನ್ನು ವಶಪಡಿಸಿಕೊಂಡರು.

ನೇರ ದಾರಿಯಲ್ಲಿ ಬಂದ ಕಾರು ನೋಂದಣಿಗೆ ನಿಂತಾಗ ಫಾರಂ 20ರ ಜೊತೆ ಕಸ್ಟಮ್ಸ್ ತೀರುವಳಿ ಪತ್ರ ಇಡಬೇಕು. ಶುಲ್ಕದಲ್ಲೂ ವ್ಯತ್ಯಾಸವಿದೆ: ಇಲ್ಲಿನ ಕಾರಿಗೆ 600 ರೂಪಾಯಿಯಾದರೆ ಆಮದು ಕಾರಿಗೆ 5,000. ಒಮ್ಮೆ ಚಿತ್ರದುರ್ಗದ ದಾಖಲೆಗೆ ಸೇರಿ ಕೆಎ-16 ನಂಬರು ಪಡೆದ ಮೇಲೆ, ಆ ಕಾರೂ ಚಳ್ಳಕೆರೆಯ ಯಾವುದೇ ಕಾರಿನ ಹಾಗೆ ಫಾರಂ 29, 30ರ ಮೇಲೆಯೇ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.