ವರಮಾನ ತೆರಿಗೆಯಿಲ್ಲದ ನಾಡು

ಪ್ರಜೆಗಳಿಂದ ವರಮಾನ ತೆರಿಗೆಯನ್ನೇ ಕೇಳದ ದೊರೆಯೊಬ್ಬರಿರುವರೆಂದರೆ ನಮ್ಮ ವಾಚಕರಲ್ಲಿ ಅನೇಕರು ನಿಟ್ಟುಸಿರು ಬಿಟ್ಟಾರು. ಬೋರ್ನಿಯೋ ದ್ವೀಪದ ಉತ್ತರ ತೀರದಲ್ಲಿರುವ ಬ್ರುನೈ ಅಂತಹ ರಾಜ್ಯ. ಅದರ ವಿಸ್ತೀರ್ಣ 5,765 ಚದರ ಕಿಲೋಮೀಟರು. ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. ರಾಜಧರ್ಮ ಇಸ್ಲಾಂ, ರಾಜಭಾಷೆ ಮಲಯ. 1888ರಲ್ಲಿ ಬ್ರಿಟಿಷರ ರಕ್ಷಣೆಗೆ ಒಳಪಟ್ಟಿದ್ದ ಈ ಬಡರಾಜ್ಯದ ದೆಸೆ ತಿರುಗಿದುದು 1929ರಲ್ಲಿ, ಸೆರಿಯಾ ಎಂಬಲ್ಲಿ ಖನಿಜ ತೈಲವು ದೊರೆತ ಮೇಲೆ. ಇಂದಿಗೂ ತೈಲ ಮತ್ತು ಅನಿಲಗಳೇ ಬೊಕ್ಕಸದ ಜೀವಾಳ. ಅದರ ಬಲದಿಂದಲೇ ಪ್ರಜೆಗಳಿಗೆ ವಿದ್ಯಾಭ್ಯಾಸವೂ ವೈದ್ಯ ಸಹಾಯವೂ ಬಹುಮಟ್ಟಿಗೆ ಧರ್ಮಾರ್ಥವಾಗಿ ದೊರೆಯುತ್ತಿವೆ.

ಇಷ್ಟೇ ಆಗಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. 1962ರಲ್ಲಿ ಶಾಸನಸಭೆಯ ಚುನಾಯಿತ ಸ್ಥಾನಗಳೆಲ್ಲವೂ ಪ್ರಜಾಪಕ್ಷದ ಪಾಲಾದವು. ಆ ವರ್ಷದ ಡಿಸೆಂಬರಿನಲ್ಲಿ ದಂಗೆಯೆದ್ದಿತು. ಬ್ರಿಟಿಷ್ ಸೈನ್ಯವು ಅದನ್ನು ಅಡಗಿಸಿತು. ಅಂದು ಘೋಷಿತವಾದ ತುರ್ತುಪರಿಸ್ಥಿತಿಯು ಮತ್ತೆ ಮತ್ತೆ ನವೀಕೃತವಾಗುತ್ತಲೇ ಬಂದಿದೆ. 1965ರ ತರುವಾಯ ಸಾರ್ವತ್ರಿಕ ಚುನಾವಣೆಯೇ ನಡೆದಿಲ್ಲ. 1984ರ ಜನವರಿ 1ರಂದು ನಾಡಿಗೆ ಸ್ವಾತಂತ್ರ್ಯವೇನೋ ಬಂದಿತು. ಪ್ರಜೆಗೆ ತನ್ನನ್ನಾಳುವವರನ್ನು ಆರಿಸುವ ಹಕ್ಕು ಬರಲಿಲ್ಲ. 1967ರಿಂದ ಆಳುತ್ತಿರುವ ಸುಲ್ತಾನ್ ಹಸನಲ್ ಬೋಲ್ಕಿಯಾ ಅವರೇ ಪ್ರಧಾನ ಮಂತ್ರಿಗಳು, ಅವರೇ ಅರ್ಥಸಚಿವರು, ಅವರೇ ರಕ್ಷಣಾಸಚಿವರು.

ಕರವನ್ನು ಕೊಡುವವನು ಲೆಕ್ಕವನ್ನು ಕೇಳುವನು. ಕೊಡದವನು ಏನೆಂದು ಕೇಳಿಯಾನು? ಬ್ರುನೈಯ ಅರಸರು ಪ್ರಜೆಗಳ ಹೊಟ್ಟೆಯನ್ನು ತಣಿಸಿರುವರೆಂಬುದನ್ನು ನಾವು ಅಲ್ಲಗಳೆಯೆವು. ಆದರೆ ತೈಲವು ಅಕ್ಷಯವಲ್ಲ. ಅದು ಬತ್ತಿದ ದಿನ ಬೊಕ್ಕಸವು ಪ್ರಜೆಯ ಬಾಗಿಲಿಗೆ ಬರಲೇಬೇಕು. ಅಂದು ಅವನು ಕೇಳುವ ಲೆಕ್ಕಕ್ಕೆ ಉತ್ತರ ಹೇಳತಕ್ಕ ಸಭೆ ಯಾವುದು?