ಮಳೆಯ ನೆರಳಲ್ಲೊಂದು ಸಮುದ್ರ!

ಹಿರಿಯೂರು ಬಿಟ್ಟು ಹೊಸದುರ್ಗದ ರಸ್ತೆ ಹಿಡಿದು ಅರ್ಧ ಗಂಟೆಯೂ ಆಗಿರಲಿಲ್ಲ. ಎರಡೂ ಬದಿಗೆ ಕೆಂಪು ನೆಲ, ಜಾಲಿ, ಕಳ್ಳಿ, ಬಂಡೆ. ತಲೆಯ ಮೇಲೆ ಮೋಡಗಳ ಓಟ, ಒಂದಾದರೂ ನಿಂತು ನಾಲ್ಕು ಹನಿ ಉದುರಿಸುವ ಲಕ್ಷಣವಿಲ್ಲ. ರಸ್ತೆ ಒಂದು ಗುಡ್ಡವನ್ನು ಬಳಸಿ ತಿರುಗಿತು, ಅಷ್ಟೇ. ಎದುರಿಗೆ ನೀರು! ಗುಡ್ಡದ ಹಿಂದೆ ಗುಡ್ಡ, ಅವುಗಳ ಸಂದುಸಂದಿಗೂ ನುಗ್ಗಿ ನಿಂತ ನೀರು, ಕಣ್ಣು ಹಾಯುವ ತನಕ ನೀರು, ಆಷಾಢದ ಗಾಳಿಗೆ ನೊರೆಯೆದ್ದು ದಡಕ್ಕೆ ಬಡಿಯುವ ಅಲೆ! ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಮ್ಮ ದಡಕ್ಕನೆ ಎದ್ದು ಕೂತು, "ಅಯ್ಯೋ ಶಿವನೇ, ಇದು ಸಮುದ್ರ ಕಣ್ರೋ!" ಅಂದಳು. ಮಕ್ಕಳು ಆಗಲೇ ಕಿಟಕಿಯ ಗಾಜು ಇಳಿಸಿ ಅರ್ಧ ಹೊರಗಿದ್ದರು.

ಇದು ವಾಣಿವಿಲಾಸ ಸಾಗರ. ಊರಿನವರ ಬಾಯಲ್ಲಿ ಮಾರಿಕಣಿವೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ವರ್ಷವರ್ಷವೂ ಲಕ್ಷಾಂತರ ಜನ ಹಿರಿಯೂರನ್ನು ದಾಟುತ್ತಾರೆ, ಅಲ್ಲಿಂದ ಸುಮಾರು ಇಪ್ಪತ್ತೇ ಕಿಲೋಮೀಟರ್ ಪಕ್ಕಕ್ಕೆ ಇಷ್ಟು ದೊಡ್ಡ ಬೆರಗು ಮಲಗಿದೆ! ರಜೆ ಬಂತೆಂದರೆ ನಾವೆಲ್ಲ ಮಡಿಕೇರಿಗೆ, ಊಟಿಗೆ ಮುಗಿಬೀಳುತ್ತೇವೆ. ಆಷಾಢದಲ್ಲಿ ಚಿತ್ರದುರ್ಗದ ಸೀಮೆಗೆ ಯಾರು ಹೋಗುತ್ತಾರೆ? ಮದುವೆಯಿಲ್ಲ, ಮುಂಜಿಯಿಲ್ಲ, ಜಾತ್ರೆಯಿಲ್ಲ, ಶಾಲೆಗೆ ಬೇಸಿಗೆ ರಜೆ ಮುಗಿದಿದೆ. ಶನಿವಾರ, ಭಾನುವಾರದ ಜೊತೆಗೆ ಒಂದು ದಿನ ರಜೆ ಸೇರಿಸಿಕೊಂಡು ಹೊರಟವರು ನಾವೊಬ್ಬರೇ ಇರಬೇಕು ಅನ್ನಿಸುವಷ್ಟು ರಸ್ತೆ ಖಾಲಿ. ಆದರೆ ಈ ನಾಡನ್ನು ನೋಡಬೇಕಾದದ್ದು ಈ ತಿಂಗಳಲ್ಲೇ ಎಂದು ಈಗ ಎದೆ ತಟ್ಟಿ ಹೇಳುತ್ತೇನೆ. ಬಿಸಿಲು ಕಚ್ಚುವುದಿಲ್ಲ, ಗಾಳಿ ಮಾತ್ರ ನಿಂತವರನ್ನು ದೂಡುತ್ತದೆ, ಬೆಟ್ಟಗಳ ಮೇಲೆ ಮೋಡದ ನೆರಳು ಓಡುವುದನ್ನು ನೋಡುತ್ತ ಗಂಟೆಗಟ್ಟಲೆ ಕೂರಬಹುದು.

ಮೊದಲು ಆ ಕಟ್ಟೆಯ ಮುಂದೆ ನಿಂತು ಬಿಡಿ. ಎರಡು ಬೆಟ್ಟದ ಸಾಲುಗಳು ಹತ್ತಿರ ಹತ್ತಿರ ಬಂದು, ನಡುವೆ ವೇದಾವತಿಗೆ ಹೊರಹೋಗಲು ಒಂದು ಕಿಂಡಿಯಷ್ಟೇ ಬಿಟ್ಟಿವೆ. ಆ ಕಿಂಡಿಗೆ ಅಡ್ಡಲಾಗಿ ಕಲ್ಲಿನ ಗೋಡೆ. ಉದ್ದ 1330 ಅಡಿ, ಎತ್ತರ 142 ಅಡಿ. ಇಷ್ಟೇ! ಇಷ್ಟು ಚಿಕ್ಕ ಗೋಡೆಯ ಹಿಂದೆ 30 ಟಿಎಂಸಿ ನೀರು! ಕನ್ನಂಬಾಡಿಯ ಸಾಮರ್ಥ್ಯವೇ 49 ಟಿಎಂಸಿ ಚಿಲ್ಲರೆ, ಅದರ ಕಟ್ಟೆಯೋ ಮೈಲುಗಟ್ಟಲೆ ಚಾಚಿದೆ. ಇಲ್ಲಿ ಮುಕ್ಕಾಲು ಕೆಲಸವನ್ನು ಬೆಟ್ಟಗಳೇ ಮಾಡಿ ಮುಗಿಸಿದ್ದವು. ಮನುಷ್ಯರು ಬಾಗಿಲು ಮುಚ್ಚಿದರು, ಅಷ್ಟೇ. ಆ ಜಾಗವನ್ನು ಮೊದಲು ಕಂಡವನ ಕಣ್ಣು ಎಂಥದ್ದಿರಬೇಕು!

ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಕನ್ನಂಬಾಡಿಗೆ ಕೈಹಾಕಿದ್ದು 1911ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ಇದರ ಹಿರಿತನ ಗೊತ್ತಾಗುತ್ತದೆ. ಕಲ್ಲು, ಸುಣ್ಣ, ಸುರ್ಕಿ ಗಾರೆ. ಸಿಮೆಂಟಿನ ಸೋಂಕೇ ಇಲ್ಲ! ನೂರು ವರ್ಷ ದಾಟಿದರೂ ಗೋಡೆ ಇನ್ನೂ ನೀರು ಹೊತ್ತು ನಿಂತಿದೆ. ಮೇಲೆ ಎರಡು ಚೆಂದದ ಮಂಟಪಗಳು ಬೇರೆ. ನೀರು ತಡೆಯುವ ಗೋಡೆಗೆ ಮಂಟಪ ಯಾಕೆ ಬೇಕಿತ್ತು? ಬೇಕಿತ್ತು! ಕೆಲಸದ ಮೇಲಿನ ಪ್ರೀತಿಯೇ ಹಾಗೆ, ಲೆಕ್ಕಕ್ಕಿಂತ ಒಂದು ಹಿಡಿ ಹೆಚ್ಚೇ ಕೊಡುತ್ತದೆ. ಕಟ್ಟೆಯ ಬುಡದಲ್ಲಿ ಕಣಿವೆ ಮಾರಮ್ಮನ ಗುಡಿ. ಅಮ್ಮ ಅಲ್ಲಿ ಕಾಯಿ ಒಡೆಸಿ ಕುಂಕುಮ ಹಚ್ಚಿಕೊಂಡೇ ನೀರಿನ ಕಡೆ ಮತ್ತೆ ತಿರುಗಿದ್ದು.

ಈ ಯೋಜನೆ ಶುರುವಾದ ಕಾಲಕ್ಕೆ ಮೈಸೂರಿನ ಗದ್ದುಗೆಯ ಹೊಣೆ ಒಬ್ಬ ತಾಯಿಯ ಮೇಲಿತ್ತು. ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜ ಇನ್ನೂ ಹುಡುಗ. 1895ರಿಂದ 1902ರವರೆಗೆ ರೀಜೆಂಟ್ ಆಗಿ ರಾಜ್ಯ ನಡೆಸಿದವರು ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಸಾಗರಕ್ಕೆ ಅವರದೇ ಹೆಸರು. ಆಗ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಕಟ್ಟೆ ಏಳುವುದಕ್ಕೆ ಆರು ವರ್ಷ ಮುಂಚೆಯೇ, 1901ರಲ್ಲಿ ಹೋಗಿಬಿಟ್ಟರು. ತುಂಬಿದ ಈ ನೀರನ್ನು ಅವರು ನೋಡಲೇ ಇಲ್ಲ. ಇದನ್ನು ಮಗಳಿಗೆ ಹೇಳುವಾಗ ನನ್ನ ಗಂಟಲು ಕಟ್ಟಿತು.

ಇನ್ನು ಕೋಡಿಯ ಕತೆ! 1933ರಲ್ಲಿ ಕೆರೆ ತುಂಬಿ ಕೋಡಿ ಬಿತ್ತು. ಆಮೇಲೆ ಬೀಳಲೇ ಇಲ್ಲ. ಒಂದು ವರ್ಷವಲ್ಲ, ಹತ್ತು ವರ್ಷವಲ್ಲ, 89 ವರ್ಷ! ಕಳೆದ ದಶಕದ ಬರದಲ್ಲಂತೂ ನೀರು ತಳ ಹಿಡಿಯಿತು. 2022ರ ಸೆಪ್ಟೆಂಬರಿನಲ್ಲಿ ಮಟ್ಟ 130 ಅಡಿ ಮುಟ್ಟಿತು ನೋಡಿ, ಇಡೀ ಸೀಮೆ ಎದ್ದು ಬಂತು. ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ, ಆಟೊದಲ್ಲಿ, ಸೊಸೆ ಮೊಮ್ಮಕ್ಕಳನ್ನು ಕಟ್ಟಿಕೊಂಡು. ನಾವು ಹೋದಾಗ ಕಟ್ಟೆಯ ಬಳಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ ಹಿರಿಯರೊಬ್ಬರು ನಮ್ಮಮ್ಮನಿಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಕುಂತ್ಕಳಿ ತಾಯಿ. ನಮ್ ತಾತ ಕೋಡಿ ಬಿದ್ದಿದ್ ನೋಡಿದ್ನಂತೆ. ನಮ್ಮಪ್ಪ ಆ ಕತೆ ಕೇಳ್ತಾ ಕೇಳ್ತಾನೇ ಹೋದ. ನಾನ್ ನೋಡ್ದೆ. ಈಗ ನನ್ ಮೊಮ್ಮಗ ವರ್ಸಾವರ್ಸಾ ನೋಡ್ತೀನಿ ಅಂತ ಕುಂತವ್ನೆ!" ಮೊಮ್ಮಗನ ಆಸೆ ದೊಡ್ಡದೇನಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಜನವರಿ! ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲದ ಸಂಕ್ರಾಂತಿಯ ತಿಂಗಳಲ್ಲಿ!

ಎಲ್ಲಿಂದ ಬರುತ್ತದೆ ಈ ನೀರು? ಹಿರಿಯೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿದೆ. ಪಡುವಣದಿಂದ ಬರುವ ಮೋಡಗಳು ಮಲೆನಾಡಿನಲ್ಲಿ ಭಾರ ಇಳಿಸಿ, ಇಲ್ಲಿಗೆ ಬರುವಾಗ ಬರಿಗೈ. ಆದರೆ ಅದೇ ಮೋಡಗಳ ಮಳೆ ನೆಲದ ದಾರಿಯಲ್ಲಿ ಹಿಂಬಾಲಿಸಿ ಬರುತ್ತದೆ! ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರಿನ ಬಳಿ ಸೇರಿ ವೇದಾವತಿಯಾಗುತ್ತವೆ. 5 ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾದ ಜಲಾನಯನದ ಹನಿಹನಿಯೂ ಈ ಒಂದು ಕಣಿವೆಗೇ ಬರಬೇಕು. ಮೇಲ್ಗಡೆ ನೂರಾರು ಕೆರೆಗಳು ತಮ್ಮ ಪಾಲು ಹಿಡಿದುಕೊಂಡ ಮೇಲೆ ಉಳಿದದ್ದು ಇಲ್ಲಿಗೆ. ಅದಕ್ಕೇ 89 ವರ್ಷ ಕಾಯಬೇಕಾಯಿತು. 2019ರಿಂದ ಮತ್ತೊಂದು ಬಾಗಿಲು ತೆರೆದಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ಜಲಾಶಯದ ನೀರನ್ನು ಪಂಪುಗಳು ಮೇಲೆತ್ತಿ, ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಬೆಟ್ಟದ ಹೊಟ್ಟೆಯೊಳಗಿಂದ ಹಾಯಿಸಿ ವೇದಾವತಿಗೆ ಬಿಡುತ್ತಾರೆ. ಕಟ್ಟೆಯ ಕೆಳಗಿನ ತೆಂಗು, ಅಡಿಕೆ, ಗದ್ದೆ ಸೇರಿ ಸುಮಾರು 12 ಸಾವಿರ ಹೆಕ್ಟೇರ್ ಅಚ್ಚುಕಟ್ಟಿಗೂ, ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯ ನಲ್ಲಿಗಳಿಗೂ ಇದೇ ನೀರು.

ಒಂದು ಮಾತು ಕಟುವಾಗಿಯೇ ಹೇಳಬೇಕು. ಕೋಡಿಯ ಬಂಡೆಗಳು ಪಾಚಿ ಹಿಡಿದು ಜಾರುತ್ತವೆ, ಮಕ್ಕಳನ್ನು ಇಳಿಸಬೇಡಿ. ತಿಂದ ಪ್ಲಾಸ್ಟಿಕ್ ತಟ್ಟೆಯನ್ನು ಅಲ್ಲೇ ಎಸೆದು ಬರುವವರಿಗೆ ಆ ನೀರನ್ನು ನೋಡುವ ಹಕ್ಕೇ ಇಲ್ಲ.

ಹೊಸದುರ್ಗದ ಕಡೆಗೆ ಹೊರಟರೆ ಹಿನ್ನೀರು ನಮ್ಮ ಜೊತೆಗೇ ಹೊರಟಿತು. ಒಂದು ತಿರುವಿನಲ್ಲಿ ಕಾಣಿಸಿ, ಮುಂದಿನದರಲ್ಲಿ ಮರೆಯಾಗಿ, ಇನ್ನೇನು ಮುಗಿಯಿತು ಅನ್ನುವಾಗ ಗುಡ್ಡದ ಕಂಕುಳಿಂದ ಮತ್ತೆ ಇಣುಕಿ! ಬೆಟ್ಟದ ನೆತ್ತಿಗಳ ಮೇಲೆ ಗಾಳಿಯಂತ್ರಗಳ ಸಾಲು. ಆಷಾಢ ಅವುಗಳ ಸುಗ್ಗಿ. ಮಗ ಎಣಿಸಲು ಹೊರಟು ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಎಣಿಸಿ, ಕೊನೆಗೆ ಕೈಬಿಟ್ಟ. ಮಳೆ ಕೊಡದೆ ಹಾದುಹೋಗುವ ಗಾಳಿಯಿಂದಲೂ ಈ ಸೀಮೆ ವಿದ್ಯುತ್ತು ಕರೆದುಕೊಳ್ಳುತ್ತಿದೆ!

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಒಂದು ಕಾಲಕ್ಕೆ ಗಾಜು ಕಾಯಿಸಿ ಬಳೆ ಮಾಡುತ್ತಿದ್ದರು. ಟಿಪ್ಪು ಬಿದ್ದ ಮೇಲೆ, 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳ ಬಗ್ಗೆ ಬರೆದಿಟ್ಟಿದ್ದಾನೆ. ಇದನ್ನು ಹೇಳಿದ್ದೇ ತಡ, ಮಗಳು ತನ್ನ ಬಳೆಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದಳು. ಹಾಲುರಾಮೇಶ್ವರದಲ್ಲಿ ಪುಟ್ಟ ಕೊಳದೊಳಗಿನಿಂದ ನೀರು ಉಕ್ಕುವುದನ್ನು ಭಕ್ತರು ಗಂಗೆಯ ವರವೆಂದೇ ಕಾಯುತ್ತ ಕೂರುತ್ತಾರೆ. ಅಮ್ಮನೂ ಕೂತಳು, ಕೈಮುಗಿದಳು. ಏನು ಬೇಡಿದಳೋ, ಕೇಳಿದರೆ ಹೇಳಲಿಲ್ಲ.

ಹೊಳಲ್ಕೆರೆ ಹತ್ತಿರವಾಗುತ್ತಿದ್ದಂತೆ ತೆಂಗು, ಅಡಿಕೆ ತೋಟಗಳು ದಟ್ಟವಾದವು. ಅಲ್ಲಿ ಬಯಲು ಗಣಪ. ಮೇಲೆ ಚಾವಣಿಯಿಲ್ಲ, ಸುತ್ತ ಗೋಡೆಯಿಲ್ಲ, ಬಿಸಿಲು ಮಳೆ ಗಾಳಿಗೆ ಮೈಯೊಡ್ಡಿ ಶತಮಾನಗಳಿಂದ ಕೂತ ದೊಡ್ಡ ಗಣಪ. ನಾವು ಇಳಿಯುವ ಹೊತ್ತಿಗೆ ಸರಿಯಾಗಿ, ಆ ದಿನದ ಮೊದಲ ಹಾಗೂ ಕೊನೆಯ ತುಂತುರು! ಹೊಟ್ಟೆಯ ಮೇಲೆ ಹನಿಗಳಿಳಿಯುತ್ತಿದ್ದ ಗಣಪನನ್ನು ಮಕ್ಕಳು ಛತ್ರಿ ಬಿಡಿಸದೆ ನೋಡಿದರು.

ಚಿತ್ರದುರ್ಗ ಅಂದರೆ ಎಲ್ಲರಿಗೂ ಏಳು ಸುತ್ತಿನ ಕೋಟೆ, ಒನಕೆ ಓಬವ್ವನ ಕಿಂಡಿ. ಕೋಟೆಯನ್ನು ಮರುದಿನಕ್ಕಿಟ್ಟು ಸಂಜೆ ನೇರ ಚಂದ್ರವಳ್ಳಿಗೆ ಹೋದೆವು. ಚಿತ್ರದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ ಮೂರೂ ಕೂಡಿ ಕಾಯುವ ಕೆರೆ. ಮಾರಿಕಣಿವೆಯ ಮುಂದೆ ಇದು ಬೊಗಸೆ ನೀರು. ಆದರೆ ಇಲ್ಲಿ ನನ್ನ ಮೈ ಜುಮ್ಮೆಂದದ್ದು ಒಂದು ಬಂಡೆಯ ಮುಂದೆ. ಭೈರವೇಶ್ವರನ ಗುಡಿಯ ಹತ್ತಿರ, ಬಂಡೆಯ ಮೇಲೆ ಮೂರೇ ಸಾಲು. 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅದನ್ನು ಓದಿ ಲೋಕಕ್ಕೆ ತಿಳಿಸಿದರು. ಕದಂಬರ ಮಯೂರಶರ್ಮನ ಪ್ರಾಕೃತ ಶಾಸನ, ನಾಲ್ಕನೆಯ ಶತಮಾನದ್ದು. ಗೆದ್ದ ರಾಜ್ಯಗಳ ಪಟ್ಟಿಯ ಜೊತೆಗೆ ಆ ದೊರೆ ಕಲ್ಲಿನಲ್ಲಿ ಕೊರೆಸಿದ್ದು ಏನನ್ನು? ಕೆರೆಯನ್ನು! ಕನ್ನಡ ನಾಡಿನ ಮೊದಲ ರಾಜವಂಶದ ಮೊದಲ ದೊರೆ, ಇದೇ ಒಣ ನಾಡಿನಲ್ಲಿ, ಬೆಟ್ಟಗಳ ನಡುವಿನ ಸಂದನ್ನು ಗುರುತಿಸಿ ನೀರು ನಿಲ್ಲಿಸಿದ್ದ. ಮಾರಿಕಣಿವೆಯಲ್ಲಿ 1898ರಲ್ಲಿ ಮಾಡಿದ್ದೂ ಅದನ್ನೇ ಅಲ್ಲವೇ? ಒಂದೂವರೆ ಸಾವಿರ ವರ್ಷದ ಅಂತರದಲ್ಲಿ ಒಂದೇ ಉಪಾಯ!

ಈ ಕೆರೆಯ ಬಯಲಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳು ಸಿಕ್ಕಿದ ಈ ನೆಲದಲ್ಲಿ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ! ಕಡಲಾಚೆಯ ಬೆಳ್ಳಿ ಇಷ್ಟು ಒಳನಾಡಿಗೆ ಯಾವ ಗಾಡಿಯಲ್ಲಿ, ಯಾರ ಸೊಂಟದ ಚೀಲದಲ್ಲಿ ಬಂತು? ಅಂಕಲಿ ಮಠದ ನೆಲದಡಿಯ ಗುಹೆಗಳಿಗೆ ಟಾರ್ಚ್ ಹಿಡಿದು ಇಳಿದು ಬಂದ ಮೇಲೆ ಮಕ್ಕಳ ಪ್ರಶ್ನೆಗಳು ನಿಲ್ಲಲೇ ಇಲ್ಲ.

ಮರುದಿನ ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ಅಮ್ಮ ಚಪ್ಪಲಿ ಬಿಟ್ಟು ನಿಂತು ನಮಸ್ಕರಿಸಿದಳು. ಆದರೆ ನೀರಿನ ಗುಂಗು ಹಿಡಿದ ನನಗೆ ಕಂಡದ್ದು ಹೊಂಡಗಳೇ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೆಳಗೆ ಊರೊಳಗಿನ ಸಂತೆಹೊಂಡಕ್ಕೆ. ಬೆಟ್ಟದ ಮೇಲೆ ಬಿದ್ದ ಮಳೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತ ಇಳಿಯುವಂತೆ ಚಿತ್ರದುರ್ಗವಾಳಿದ ನಾಯಕರ ಕಾಲದವರು ಮಾಡಿದ ಏರ್ಪಾಡು. 1779ರಲ್ಲಿ ಹೈದರಾಲಿಯ ಕೈಗೆ ಬೀಳುವ ಮೊದಲು ಈ ಕೋಟೆ ಮುತ್ತಿಗೆಯ ಮೇಲೆ ಮುತ್ತಿಗೆ ತಾಳಿಕೊಂಡದ್ದರಲ್ಲಿ ಕಲ್ಲಿನ ಪಾಲೆಷ್ಟೋ ನೀರಿನ ಪಾಲೂ ಅಷ್ಟೇ ಎಂದು ನಾನು ನಂಬುತ್ತೇನೆ.

ಊರಿಗೆ ಹೊರಡುವ ಮುನ್ನ ಬೆಣ್ಣೆ ಮಸಾಲೆದೋಸೆಗೆ ಕೂತಿದ್ದಾಗ ಮಗಳು ಕೇಳಿದಳು, "ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತೆ?" ಫೋನಿನಲ್ಲಿ ನಕ್ಷೆ ತೆರೆದು ಬೆರಳಿಟ್ಟೆವು. ಹಿರಿಯೂರು, ಚಳ್ಳಕೆರೆ ಸೀಮೆ, ಆಂಧ್ರದ ಅನಂತಪುರದ ಕಡೆ ಒಂದು ಬಳಸು, ಹಗರಿ ಎಂಬ ಹೆಸರು ಹೊತ್ತು ಬಳ್ಳಾರಿ ಜಿಲ್ಲೆ, ಕೊನೆಗೆ ಸಿರುಗುಪ್ಪದ ಬಳಿ ತುಂಗಭದ್ರೆಗೆ. ತುಂಗಭದ್ರೆ! ಬೆರಳು ಅಲ್ಲೇ ನಿಂತಿತು. ಅಜ್ಜಂಪುರದ ಸುರಂಗದಲ್ಲಿ ಬಂದದ್ದು ಭದ್ರೆಯ ನೀರಲ್ಲವೇ? ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ಬೇರೆಯಾದ ಎರಡು ಪಾಲು. ಒಂದು ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಹರಿಹರ, ಹಂಪಿ ನೋಡಿಕೊಂಡು ಬಂದದ್ದು. ಇನ್ನೊಂದು ಬೆಟ್ಟದೊಳಗೆ ನುಗ್ಗಿ, ಮಾರಿಕಣಿವೆಯಲ್ಲಿ ತಂಗಿ, ಕೋಡಿ ಹಾರಿ ಬಂದದ್ದು. ಎರಡೂ ಮತ್ತೆ ಸಿರುಗುಪ್ಪದಲ್ಲಿ ಸೇರುತ್ತವೆ!

"ಸಿರುಗುಪ್ಪ ಇಲ್ಲಿಂದ ಎಷ್ಟು ದೂರ?" ಅಂದಳು ಅಮ್ಮ, ಚಟ್ನಿಯ ಬಟ್ಟಲು ಪಕ್ಕಕ್ಕೆ ಸರಿಸಿ. ಆಗಲೇ ಮಗ ದಾರಿ ಹುಡುಕತೊಡಗಿದ್ದ.